ಬಾಜೂದವರ ಪಾಟಿ

ಸೋಮವಾರ, ಗುರುವಾರ ಮಾರ್ಕೆಟ್ಟು.
ಆ ಎರಡು ದಿನ ಬ್ಯಾಡಗಿಯೊಳಗ ಗಾಳಿಗೂ ಬಣ್ಣ ಇರತೈತಿ.
ಕಿಡಕಿ ಹಾಕಿದ್ರೂ ಹತ್ತನೇತ್ತ ಬಿ ಸೆಕ್ಷನ್
ಹಾಜರಿಗೆ "ಎಸ್ ಮೇಡಂ" ಅನ್ನೂದಿಲ್ಲ,
ಸೀನತೈತಿ.

ಗೋಡಿ ಮ್ಯಾಲ ಪ್ರೊಜೆಕ್ಟರಿನ ಬೆಳಕು ಬಿಟ್ಟೆ.
ಹೃದಯದ ಚಿತ್ರ ಬರೂಕಿಂತ ಮದಲ
ನಡುವಿನ ಗಾಳಿಯೊಳಗ ಧೂಳು ಕುಣೀತು, ಸಣ್ಣಗ, ಕೆಂಪಗ.
ಹುಡುಗರು ಗೋಡಿ ನೋಡಲಿಲ್ಲ, ಧೂಳು ನೋಡಿದ್ರು.
ಖರೇ ಹೇಳಬೇಕಂದ್ರ ನಾನೂ.

ಟ್ಯಾಬ್ ಬಂದಾವು ಹನ್ನೊಂದು. ಹುಡುಗರು ನಲವತ್ತಮೂರು.
ನಾಲ್ಕು ಮಂದಿಗೊಂದು, ಕಡೀದಕ್ಕ ಮೂರ ಮಂದಿ.
"ಫೋನ್ ನೋಡಿ ಕೆಟ್ಟ ಹುಡುಗರಿಗೆ
ಮತ್ತೊಂದು ದೊಡ್ಡ ಫೋನ್ ಕೊಟ್ರಲ್ರೀ ಅಕ್ಕೋರ"
ಅಂದ್ರು ಪಿ.ಟಿ. ಮಾಸ್ತರ ಬಾರ್ಕಿ, ಸೀಟಿ ಒರಸಿಕೋತ.
ಧಾರವಾಡದ ತರಬೇತಿಯೊಳಗ
ಮೂರು ದಿನ ಉಪ್ಪಿಟ್ಟು ತಿನಿಸಿ ಹೇಳಿದ್ದರು:
ಸಹಯೋಗದ ಕಲಿಕೆ.
ವಹಿಯೊಳಗ ಬರಕೊಂಡು ಕೆಳಗ ಎರಡು ಗೆರಿ ಎಳದೆ.
ಎರಡನೇದು ಎಳಿಯೂವಾಗ ನಿದ್ದಿ ಬಂದಿತ್ತು,
ಇನ್ನೂ ಸೊಟ್ಟ ಐತಿ.

ಇಪ್ಪತ್ತೆರಡು ವರ್ಷ ನಾ ಹೇಳಿದ್ದು ಒಂದ ಮಾತು:
ಬಾಜೂದವರ ಪಾಟಿ ನೋಡಬ್ಯಾಡ.
ಎಡಗೈ ಗೋಡಿ ಮಾಡು, ಬಲಗೈಲೆ ಬರಿ.
ನಮ್ಮ ಕೊಟ್ರಮ್ಮ ಅಕ್ಕೋರು ನನಗ ಕಲಿಸಿದ್ದೂ ಅದ.
ಈಗಲೂ ಬ್ಯಾಂಕಿನಾಗ ಚಲನ್ ತುಂಬೂವಾಗ
ಎಡಗೈ ತಾನ ಬಂದು ಅಡ್ಡ ನಿಲ್ಲತೈತಿ,
ಹಿಂದ ಯಾರೂ ಇರದಿದ್ರೂ.

ಅಂಥಾ ಕೈಲೆ
ಒಂದು ಟ್ಯಾಬು ನಾಲ್ಕು ಮಂದಿ ನಡುವ ಇಟ್ಟೆ.

ಮಾಲತೇಶ ಎಳಕೊಂಡ. ತಬಸ್ಸುಮ್ ಕಸಗೊಂಡ್ಲು.
ಗುಡ್ಡಪ್ಪ ಹಿಂದಿನಿಂದ ಕುತ್ತಿಗಿ ಚಾಚಿದ.
ಕರಿಯವ್ವ ಸುಮ್ಮ ಕುಂತಿದ್ಲು, ಸರತಿ ಬಂದಾಗ ಬೆರಳಿಟ್ಲು.
ಗಾಜು ಓಗೊಡಲಿಲ್ಲ.
ಮತ್ತ ಇಟ್ಲು. ಇಲ್ಲ.
ನಸುಕಿನ ಐದರಿಂದ ಎಂಟರ ತನಕ ಅವ್ವನ ಕೂಡ
ಮೆಣಸಿನಕಾಯಿ ತುಂಬು ಬಿಡಿಸೂ ಬೆರಳು ಅವು,
ತುದಿ ಒಣಗಿ ಗೋಣಿತಟ್ಟು.
ಯಂತ್ರಕ್ಕ ಅದು ಬೆರಳು ಅನಸಲಿಲ್ಲ.

ಅಷ್ಟರಾಗ ತಬಸ್ಸುಮ್ ಅದ ಗಾಜು ಮುಟ್ಟಿ
ಕಣ್ಣು ತಿಕ್ಕೊಂಡ್ಲು.
ನಮ್ಮೂರ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮಿ ಅಂತಾರ.
ಕಣ್ಣಿಗೆ ಹತ್ತಿದವರು ಹಂಗ ಅನ್ನೂದಿಲ್ಲ.
ಆಕೀನ ನಳದ ತನಕ ಎಳಕೊಂಡು ಓಡಿದಾಕಿ ಕರಿಯವ್ವ.
"ನಂದ ಖಾರ, ಅಕ್ಕೋರ, ನಂದ ಖಾರ!"
ಎರಡು ವರ್ಷದಾಗ ಆಕಿ ದನಿ ಅಷ್ಟು ದೊಡ್ಡದು
ನಾ ಕೇಳಿರಲಿಲ್ಲ.

ತಿರುಗಿ ಬಂದವರು ನನ್ನ ಕೇಳದನ
ಒಂದು ಕಟ್ಟಳಿ ಮಾಡಿಕೊಂಡಿದ್ರು.
ಗುಡ್ಡಪ್ಪ ಒತ್ತಬೇಕು, ಯಾಕಂದ್ರ ಅವನ ಕೈ
ಇವತ್ತಿನ ತನಕ ಒಂದ ಕೆಲಸ ಮಾಡಿಲ್ಲ.
ಮಾಲತೇಶ ಓದಬೇಕು.
ತಬಸ್ಸುಮ್ ಉಳಿದ ಒಂದು ಕಣ್ಣಿಲೆ ಬರೀಬೇಕು.
ಕರಿಯವ್ವ ಮುಟ್ಟೂದ ಬ್ಯಾಡ,
ಎಲ್ಲಿ ಒತ್ತಬೇಕು ಅಂತ ಹೇಳಿದ್ರ ಸಾಕು.

ಆಕಿ ಹೇಳಿದ್ಲು:
"ತಿರುವೋ ಅದನ್ನ. ಹಿಂದ ಏನೈತಿ ನೋಡೂಣು."
ಹೃದಯ ತಿರುಗಿತು.

ನಮ್ಮ ಪುಸ್ತಕದ ಹೃದಯಕ್ಕ ಹಿಂದಿನ ಮಗ್ಗಲಿಲ್ಲ.
ಹಾಳಿ ತಿರುವಿದ್ರ ಅಲ್ಲಿ ಮೂತ್ರಪಿಂಡ ಇರತೈತಿ.
ಇಷ್ಟು ವರ್ಷ ಬಣ್ಣದ ಖಡುವಿನಿಂದ ಬರದೇನಿ,
ಎಡ ಹೃತ್ಕರ್ಣ, ಬಲ ಹೃತ್ಕರ್ಣ,
ಹಿಂದ ಏನೈತಿ ಅಂತ ಯಾರೂ ಕೇಳಿರಲಿಲ್ಲ.
ನಾನೂ ಕೇಳಿರಲಿಲ್ಲ.
ಬಾಜೂದ ಬೆಂಚಿನವರು ಎದ್ದು ಬಂದು
ಅವರ ಪಾಟಿಯೊಳಗ ಹಣಿಕಿ ಹಾಕಿದ್ರು.
ಬಾಯಿಗೆ ಬಂದ ಮಾತು ನುಂಗಿದೆ.
ಅದಕ್ಕೂ ಖಾರ ಇತ್ತು.

ಮಾರ್ಚಿನಾಗ ಇವರನ್ನ ಬೆಂಚಿಗೊಬ್ಬರಂಗ ಕುಂದರಸಿ
ನೋಡಬ್ಯಾಡ, ನೋಡಬ್ಯಾಡ ಅನಕೋತ
ನಾನ ಸಾಲಿನ ನಡುವ ಅಡ್ಡಾಡಬೇಕು.
ಆಗ ಕರಿಯವ್ವ ಏನಂದಾಳು?
ಗೊತ್ತಿಲ್ಲ. ತರಬೇತಿಯೊಳಗ ಅದನ್ನ ಹೇಳಲಿಲ್ಲ,
ಅಥವಾ ನಿದ್ದಿಯೊಳಗ ಹೋತೇನೋ.

ಸಾಲಿ ಬಿಟ್ಟ ಮ್ಯಾಲ ಹನ್ನೊಂದೂ ಗಾಜು
ಸೆರಗಿನ ಹಸಿ ತುದಿಲೆ ಒರಸಿದೆ.
ಯಾವ ಬೆರಳಚ್ಚು ಯಾರದು ತಿಳೀಲಿಲ್ಲ.
ಕಪಾಟಿನ ಕೀಲಿ ಹಾಕಿ,
ಮರತು,
ಕಣ್ಣು ತಿಕ್ಕೊಂಡೆ.